ಲೆಕ್ಕದ ಕಡತಗಳಿಗೆ ಸ್ವಂತ ಸರ್ವರ್: ತಂತ್ರಾಂಶದ ಆಯ್ಕೆ ಹೇಗಿರಬೇಕು?

ದೀಪಾವಳಿಯ ಲಕ್ಷ್ಮೀಪೂಜೆಯಂದು ಹೊಸ ಕೀರ್ದಿ ಪುಸ್ತಕಕ್ಕೆ ಅರಿಶಿನ ಕುಂಕುಮವಿಟ್ಟು ಪೂಜಿಸುವ ಪದ್ಧತಿ ನಾಡಿನ ವರ್ತಕ ಸಮುದಾಯದಲ್ಲಿ ಇಂದಿಗೂ ಉಳಿದುಬಂದಿದೆ. ಹಿಂದಿನ ಕಾಲದಲ್ಲಿ ಪೂಜೆಯಾದ ಪುಸ್ತಕ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುತ್ತಿತ್ತು. ಹಳೆಯ ವರ್ಷಗಳ ಪುಸ್ತಕಗಳು ಮನೆಯ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಸೇರುತ್ತಿದ್ದವು. ಲೆಕ್ಕ ಎಲ್ಲಿದೆ, ಬೀಗದ ಕೈ ಯಾರ ಬಳಿ ಇದೆ ಎಂಬುದು ಯಜಮಾನನಿಗೆ ಸದಾ ತಿಳಿದಿರುತ್ತಿತ್ತು.

ಇಂದು ಅದೇ ಯಜಮಾನನನ್ನು ‘ಮೂರು ವರ್ಷದ ಹಿಂದಿನ ಬಿಲ್ಲುಗಳು ಎಲ್ಲಿವೆ?’ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಲೆಕ್ಕದ ದತ್ತಾಂಶ ಅಂಗಡಿಯ ಗಣಕಯಂತ್ರದಲ್ಲಿ, ಅದರ ಒಂದು ಪ್ರತಿ ಲೆಕ್ಕಿಗನ ಲ್ಯಾಪ್‌ಟಾಪಿನಲ್ಲಿ, ಖರೀದಿ ಆದೇಶಗಳು ಮೊಬೈಲಿನ ವಾಟ್ಸ್‌ಆಪ್ ಸಂದೇಶಗಳಲ್ಲಿ, ಯಂತ್ರಭಾಗಗಳ ನಕ್ಷೆಗಳು ಯಾವುದೋ ಪೆನ್‌ಡ್ರೈವಿನಲ್ಲಿ, ಸ್ಕ್ಯಾನ್ ಮಾಡಿದ ಕರಾರುಪತ್ರಗಳು ನೌಕರನೊಬ್ಬನ ಖಾಸಗಿ ಇಮೇಲ್ ಖಾತೆಯ ಉಚಿತ ಸಂಗ್ರಹದಲ್ಲಿ ಹಂಚಿಹೋಗಿರುವುದು ಸಣ್ಣ ಉದ್ಯಮಗಳಲ್ಲಿ ಸಾಮಾನ್ಯ ಸಂಗತಿ. ಆ ನೌಕರ ಕೆಲಸ ಬಿಟ್ಟು ಹೋದ ದಿನ ಕರಾರುಪತ್ರಗಳೂ ಅವನ ಖಾತೆಯೊಡನೆ ಹೊರಟುಹೋಗುತ್ತವೆ. ಯಾರೂ ಕದ್ದಿರುವುದಿಲ್ಲ, ಆದರೂ ಸೊತ್ತು ಕೈತಪ್ಪಿರುತ್ತದೆ.

ಈ ಅವ್ಯವಸ್ಥೆಗೆ ಪರಿಹಾರವಾಗಿ, ಅಂಗಡಿಯಲ್ಲೋ ಯಜಮಾನನ ಮನೆಯಲ್ಲೋ ಒಂದು ಸಣ್ಣ ಸರ್ವರ್ ಇರಿಸಿ ಎಲ್ಲ ಕಡತಗಳನ್ನೂ ಅಲ್ಲಿಗೇ ಸೇರಿಸುವ ವ್ಯವಸ್ಥೆಯತ್ತ ಅನೇಕ ಉದ್ಯಮಿಗಳು ಒಲವು ತೋರುತ್ತಿದ್ದಾರೆ. ಇದಕ್ಕೆ ಬೇಕಾದ ತಂತ್ರಾಂಶಗಳು ಪರವಾನಗಿ ಶುಲ್ಕವಿಲ್ಲದೆ ದೊರೆಯುತ್ತವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡ ಬಳಿಕ ಮೂಲೆಗೆ ಸೇರಿದ ಹಳೆಯ ಗಣಕಯಂತ್ರಗಳಲ್ಲಿ ಹಲವು, ಲಿನಕ್ಸ್ ಅಳವಡಿಸಿದರೆ ಈ ಕೆಲಸಕ್ಕೆ ಸಾಕಾಗುತ್ತವೆ. ಆದುದರಿಂದ ಪ್ರಶ್ನೆ ಹಣದ್ದಲ್ಲ, ಆಯ್ಕೆಯದು. ಆಯ್ಕೆಯ ವಿಷಯದಲ್ಲಿ ಯಾವ ತಂತ್ರಾಂಶದಲ್ಲಿ ಸೌಲಭ್ಯಗಳು ಹೆಚ್ಚು ಎಂದು ಹೋಲಿಸುವುದೇ ವಾಡಿಕೆಯಾಗಿದೆ. ವ್ಯಾಪಾರಿಯ ದೃಷ್ಟಿಯಿಂದ ಈ ಹೋಲಿಕೆ ತಪ್ಪು ತುದಿಯಿಂದ ಆರಂಭವಾಗುತ್ತದೆ. ಕಡತಗಳನ್ನು ಒಳಗೆ ಹಾಕುವುದು ಎಲ್ಲ ತಂತ್ರಾಂಶಗಳಲ್ಲಿಯೂ ಸುಲಭ. ತೊಂದರೆಯ ದಿನ ಅವನ್ನು ಹೊರಗೆ ತೆಗೆಯುವುದು ಹೇಗೆ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ.

ಕಾನೂನಿನ ಹೊಣೆ

ಇದು ಕೇವಲ ಅನುಕೂಲದ ಮಾತಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೇ ಕಲಮಿನಂತೆ ನೋಂದಾಯಿತ ವ್ಯಾಪಾರಿಯು ತನ್ನ ಲೆಕ್ಕಪತ್ರಗಳನ್ನು, ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಕಾಪಾಡಬೇಕು. ಮೇಲ್ಮನವಿ ಅಥವಾ ತನಿಖೆ ನಡೆಯುತ್ತಿದ್ದರೆ ಈ ಅವಧಿ ಇನ್ನೂ ದೀರ್ಘವಾಗಬಹುದು. ಅದೇ ತೆರಿಗೆಯ ನಿಯಮಾವಳಿಯ 57ನೇ ನಿಯಮವು, ವಿದ್ಯುನ್ಮಾನ ರೂಪದ ದಾಖಲೆಗಳು ಅಪಘಾತದಿಂದಲೋ ಪ್ರಾಕೃತಿಕ ಕಾರಣದಿಂದಲೋ ನಾಶವಾದರೆ ಸಮಂಜಸವಾದ ಅವಧಿಯೊಳಗೆ ಮರಳಿ ಪಡೆಯುವಂತೆ ಅವುಗಳ ಬ್ಯಾಕಪ್ ಇರಿಸಬೇಕೆಂದು ವಿಧಿಸುತ್ತದೆ. ಬ್ಯಾಕಪ್ ಇದ್ದರೆ ಸಾಲದು, ಅದರಿಂದ ದಾಖಲೆಗಳನ್ನು ಮರಳಿ ಪಡೆಯಲು ಸಾಧ್ಯವಿರಬೇಕು ಎಂಬುದನ್ನು ನಿಯಮವೇ ಹೇಳಿದೆ.

ಕಂಪನಿಗಳಾಗಿ ನೋಂದಣಿಯಾದ ಸಂಸ್ಥೆಗಳ ಹೊಣೆ ಇನ್ನೂ ಹೆಚ್ಚು. 2013ರ ಕಂಪನಿ ಕಾಯ್ದೆಯ 128ನೇ ಕಲಮಿನಂತೆ ಎಂಟು ಹಣಕಾಸು ವರ್ಷಗಳ ಲೆಕ್ಕಪುಸ್ತಕಗಳನ್ನು ಕಾಪಾಡಬೇಕು. 2022ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ, ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿಯೇ ಇರುವ ಸರ್ವರಿನಲ್ಲಿ ಪ್ರತಿದಿನವೂ ಇರಿಸಬೇಕು. ಸ್ವಂತ ಸರ್ವರಿನ ಪರವಾಗಿ ಇದೊಂದು ಬಲವಾದ ವಾದ. ಅಂಗಡಿಯ ದತ್ತಾಂಶ ಯಾವ ದೇಶದ ಯಾವ ಕಟ್ಟಡದಲ್ಲಿದೆ ಎಂದು ಯಾರನ್ನೂ ವಿಚಾರಿಸಬೇಕಾದ ಪ್ರಮೇಯವೇ ಬರುವುದಿಲ್ಲ.

ಲಭ್ಯವಿರುವ ತಂತ್ರಾಂಶಗಳು

ಒಂದೇ ಕಟ್ಟಡದೊಳಗೆ ನಾಲ್ಕಾರು ಗಣಕಯಂತ್ರಗಳು ಒಂದೇ ಫೋಲ್ಡರನ್ನು ಬಳಸಬೇಕೆಂಬುದಷ್ಟೇ ಅಗತ್ಯವಾಗಿದ್ದರೆ ಯಾವ ಹೊಸ ತಂತ್ರಾಂಶವೂ ಬೇಕಿಲ್ಲ. 1992ರಿಂದ ಬೆಳೆದುಬಂದಿರುವ ಸಾಂಬಾ ಎಂಬ ವ್ಯವಸ್ಥೆಯ ಮೂಲಕ ಲಿನಕ್ಸ್ ಸರ್ವರಿನ ಫೋಲ್ಡರನ್ನು ವಿಂಡೋಸ್ ಯಂತ್ರಗಳಲ್ಲಿ ಸಾಮಾನ್ಯ ಡ್ರೈವಿನಂತೆಯೇ ತೆರೆಯಬಹುದು. ಅಂಗಡಿ, ಗೋದಾಮು, ಮನೆ ಹೀಗೆ ಬೇರೆ ಬೇರೆ ಸ್ಥಳಗಳಲ್ಲಿ ಒಂದೇ ಕಡತದ ಪ್ರತಿಗಳು ತಾವಾಗಿಯೇ ಒಂದಕ್ಕೊಂದು ಸರಿಹೊಂದುತ್ತಿರಬೇಕಾದಾಗ, ಅಂದರೆ ‘ಸಿಂಕ್’ ಆಗಬೇಕಾದಾಗ ಮಾತ್ರ ಮುಂದಿನ ಆಯ್ಕೆಗಳ ವಿಚಾರ ಬರುತ್ತದೆ.

ಇವುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ನೆಕ್ಸ್ಟ್‌ಕ್ಲೌಡ್. ಜರ್ಮನಿಯ ಫ್ರಾಂಕ್ ಕಾರ್ಲಿಚೆಕ್ 2010ರಲ್ಲಿ ಓನ್‌ಕ್ಲೌಡ್ ಎಂಬ ತಂತ್ರಾಂಶವನ್ನು ಆರಂಭಿಸಿದರು. ಅದನ್ನು ನಡೆಸುತ್ತಿದ್ದ ಕಂಪನಿಯಿಂದ 2016ರಲ್ಲಿ ಹೊರಬಂದು, ಅದೇ ವರ್ಷದ ಜೂನ್‌ನಲ್ಲಿ ನೆಕ್ಸ್ಟ್‌ಕ್ಲೌಡನ್ನು ಸ್ಥಾಪಿಸಿದರು. ಮೂಲ ಓನ್‌ಕ್ಲೌಡನ್ನು 2023ರ ನವೆಂಬರ್‌ನಲ್ಲಿ ಅಮೆರಿಕದ ಕೈಟ್‌ವರ್ಕ್ಸ್ ಸಂಸ್ಥೆ ಕೊಂಡುಕೊಂಡಿತು. ಅದರ ಹೊಸ ಪೀಳಿಗೆಯ ಆವೃತ್ತಿಯನ್ನು ಆಧರಿಸಿ 2025ರಲ್ಲಿ ಓಪನ್‌ಕ್ಲೌಡ್ ಎಂಬ ಮತ್ತೊಂದು ಕವಲು ಜರ್ಮನಿಯಲ್ಲಿಯೇ ಹುಟ್ಟಿಕೊಂಡಿತು. ಹದಿನೈದು ವರ್ಷಗಳಲ್ಲಿ ಒಂದೇ ಬೇರಿನಿಂದ ಮೂರು ಹೆಸರುಗಳು ಹೊರಟಿವೆ. ಎಂಟು ವರ್ಷಗಳ ಲೆಕ್ಕವನ್ನು ಕಾಪಾಡಬೇಕಾದ ವ್ಯಾಪಾರಿ ಗಮನಿಸಬೇಕಾದ ಅಂಶವಿದು: ಇಂದಿನ ತಂತ್ರಾಂಶ ಇಂದಿನ ಮಾಲೀಕರ ಕೈಯಲ್ಲಿಯೇ ಮುಂದೆಯೂ ಇರುತ್ತದೆಂದು ನಂಬಿ ಕೂರುವಂತಿಲ್ಲ.

ನೆಕ್ಸ್ಟ್‌ಕ್ಲೌಡಿನ ಸೌಲಭ್ಯಗಳು ಅನೇಕ. ಪ್ರತಿ ನೌಕರನಿಗೂ ಪ್ರತ್ಯೇಕ ಖಾತೆ, ಗ್ರಾಹಕರಿಗೆ ಕಡತ ಕಳುಹಿಸಲು ಕೊಂಡಿ, ಮೊಬೈಲಿನಲ್ಲಿ ನೋಡುವ ಅನುಕೂಲ, ಜೊತೆಗೆ ದಿನಚರಿ ಮತ್ತು ಸಂಪರ್ಕ ವಿಳಾಸಗಳ ನಿರ್ವಹಣೆ ಎಲ್ಲವೂ ಅದರಲ್ಲಿವೆ. ಸರ್ವರಿನ ಗೂಢಲಿಪೀಕರಣವನ್ನು ಚಾಲನೆಗೊಳಿಸದಿದ್ದರೆ ಕಡತಗಳು ಡಿಸ್ಕಿನ ಮೇಲೆ ತಮ್ಮ ಮೂಲರೂಪದಲ್ಲಿಯೇ ಉಳಿಯುತ್ತವೆ ಎಂಬುದು ಮೆಚ್ಚತಕ್ಕ ಗುಣ. ಆದರೆ ಇದಕ್ಕೆ ವೆಬ್ ಸರ್ವರ್, ಪಿಎಚ್‌ಪಿ ಮತ್ತು ಡೇಟಾಬೇಸ್ ಈ ಮೂರೂ ಸುಸ್ಥಿತಿಯಲ್ಲಿರಬೇಕು. ಪ್ರತಿ ಪ್ರಮುಖ ಆವೃತ್ತಿಗೆ ದೊರೆಯುವ ಉಚಿತ ಬೆಂಬಲ ಸುಮಾರು ಒಂದು ವರ್ಷದ್ದು ಮಾತ್ರ. ಮೇಲ್ದರ್ಜೆಗೇರಿಸುವಾಗ ನಡುವಿನ ಆವೃತ್ತಿಯನ್ನು ಹಾರಿ ಹೋಗುವಂತಿಲ್ಲ. ಮೂರು ವರ್ಷ ಯಾರೂ ಗಮನಿಸದೆ ಬಿಟ್ಟರೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಬರಬೇಕಾಗುತ್ತದೆ. ಅಳವಡಿಸಿದ ತಂತ್ರಜ್ಞ ಊರು ಬಿಟ್ಟಿದ್ದರೆ ಆ ಕೆಲಸಕ್ಕೆ ಹೊಸಬರನ್ನು ಹುಡುಕುವುದು ಸುಲಭವಲ್ಲ.

ಸೀಫೈಲ್ ಎಂಬುದು ಚೀನಾ ಮೂಲದ ತಂತ್ರಾಂಶ. ವೇಗದ ವಿಷಯದಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ. ಕಡತವನ್ನು ತುಂಡುಗಳಾಗಿ ವಿಂಗಡಿಸಿ, ಬದಲಾದ ತುಂಡನ್ನಷ್ಟೇ ಸಾಗಿಸುವುದರಿಂದ ದೊಡ್ಡ ಗಾತ್ರದ ನಕ್ಷೆಗಳನ್ನು ಪದೇ ಪದೇ ತಿದ್ದುವ ಘಟಕಗಳಿಗೆ ಇದು ಅನುಕೂಲಕರ. ಆದರೆ ಅದೇ ಕಾರಣದಿಂದ ಸರ್ವರಿನ ಡಿಸ್ಕನ್ನು ಬಿಚ್ಚಿ ನೋಡಿದರೆ ಕಾಣುವುದು ಅರ್ಥವಾಗದ ತುಂಡುಗಳೇ ಹೊರತು ಬಿಲ್ಲುಗಳಲ್ಲ. ಅವನ್ನು ಮತ್ತೆ ಕಡತಗಳಾಗಿ ಜೋಡಿಸಲು ಸೀಫೈಲಿನದೇ ಉಪಕರಣ ಬೇಕು. ಆ ಉಪಕರಣ ಇದೆ, ಕೆಲಸವನ್ನೂ ಮಾಡುತ್ತದೆ. ಆದರೆ ಅದನ್ನು ಬಳಸಬಲ್ಲವರು ಬೇಕಾದಾಗ ಸಿಗುತ್ತಾರೆಯೇ ಎಂಬುದನ್ನು ಮೊದಲೇ ಯೋಚಿಸಿರಬೇಕು.

ಸಿಂಕ್‌ಥಿಂಗ್ ಇವೆರಡಕ್ಕಿಂತ ಭಿನ್ನ. 2013ರಲ್ಲಿ ಯಾಕೊಬ್ ಬೋರ್ಗ್ ಆರಂಭಿಸಿದ ಈ ತಂತ್ರಾಂಶಕ್ಕೆ ಕೇಂದ್ರ ಸರ್ವರೇ ಬೇಕಿಲ್ಲ. ಅಂಗಡಿಯ ಯಂತ್ರ ಮನೆಯ ಯಂತ್ರದೊಡನೆ ನೇರವಾಗಿ, ಗೂಢಲಿಪೀಕೃತ ಸಂಪರ್ಕದ ಮೂಲಕ ವ್ಯವಹರಿಸುತ್ತದೆ. ಕಡತಗಳು ಎರಡೂ ಕಡೆ ಸಾಮಾನ್ಯ ಫೋಲ್ಡರಿನಲ್ಲಿ ಸಾಮಾನ್ಯ ಕಡತಗಳಾಗಿಯೇ ಇರುತ್ತವೆ. ತಂತ್ರಾಂಶವನ್ನು ಅಳಿಸಿದರೂ ಅವು ಉಳಿಯುತ್ತವೆ. ಡೇಟಾಬೇಸ್ ಸರ್ವರಿನ ನಿರ್ವಹಣೆಯ ತೊಡಕಿಲ್ಲ. ಕೊರತೆಗಳೂ ಇವೆ. ಹೊರಗಿನವರಿಗೆ ಕೊಂಡಿ ಕಳುಹಿಸುವ ಸೌಲಭ್ಯವಿಲ್ಲ. ಒಂದೇ ಕಡತವನ್ನು ಇಬ್ಬರು ಏಕಕಾಲಕ್ಕೆ ತಿದ್ದಿದರೆ ಎರಡು ಪ್ರತಿಗಳಾಗುತ್ತವೆ, ಯಾವುದು ಸರಿ ಎಂದು ಮನುಷ್ಯರೇ ತೀರ್ಮಾನಿಸಬೇಕು. ಆಂಡ್ರಾಯ್ಡ್ ಮೊಬೈಲಿಗಾಗಿ ಇದ್ದ ಅಧಿಕೃತ ಆನ್ವಯಿಕ 2024ರ ಡಿಸೆಂಬರ್‌ನಲ್ಲಿ ನಿಂತುಹೋಗಿ, ಸ್ವಯಂಸೇವಕರು ರೂಪಿಸಿದ ಪರ್ಯಾಯವನ್ನೇ ಅವಲಂಬಿಸಬೇಕಾಯಿತು. ಆದರೆ ಆಗಲೂ ಯಾರ ಕಡತವೂ ಸಿಕ್ಕಿಹಾಕಿಕೊಳ್ಳಲಿಲ್ಲ, ಏಕೆಂದರೆ ಅವು ಬಳಕೆದಾರರ ಫೋಲ್ಡರುಗಳಲ್ಲಿಯೇ ಇದ್ದವು.

ಈ ಗುಣದೋಷಗಳನ್ನು ತೂಗಿ ನೋಡಿದರೆ, ಹತ್ತು ಜನರೊಳಗಿನ ಅಂಗಡಿ ಅಥವಾ ಕಾರ್ಖಾನೆಗೆ ಸಾಂಬಾ ಮತ್ತು ಸಿಂಕ್‌ಥಿಂಗ್ ಇವೆರಡರ ಜೋಡಿಯೇ ಹೆಚ್ಚಿನ ಸಂದರ್ಭಗಳಲ್ಲಿ ಸಾಕು. ಹೊರಗಿನ ಗ್ರಾಹಕರೊಡನೆ ನಿತ್ಯವೂ ಕಡತ ವಿನಿಮಯ ನಡೆಯುವ, ನಿರ್ವಹಣೆಗೆ ಗೊತ್ತಾದ ವ್ಯಕ್ತಿಯೊಬ್ಬ ಇರುವ ಸಂಸ್ಥೆಗಳಿಗೆ ನೆಕ್ಸ್ಟ್‌ಕ್ಲೌಡ್ ಯೋಗ್ಯ. ದೊಡ್ಡ ನಕ್ಷೆಗಳ ಭಂಡಾರವುಳ್ಳ ಘಟಕಗಳು, ಬೇರೊಂದು ಸಾಮಾನ್ಯ ಪ್ರತಿಯನ್ನು ಪ್ರತ್ಯೇಕವಾಗಿ ಇರಿಸಿಕೊಳ್ಳುವ ಷರತ್ತಿನ ಮೇಲೆ ಸೀಫೈಲನ್ನು ಪರಿಶೀಲಿಸಬಹುದು. ಅಗತ್ಯಕ್ಕಿಂತ ದೊಡ್ಡ ತಂತ್ರಾಂಶವೆಂದರೆ ಅಗತ್ಯಕ್ಕಿಂತ ದೊಡ್ಡ ಗೋದಾಮನ್ನು ಬಾಡಿಗೆಗೆ ಹಿಡಿದಂತೆ. ತುಂಬದಿದ್ದರೂ ಬಾಡಿಗೆ ತಪ್ಪುವುದಿಲ್ಲ.

ಸಿಂಕ್ ಬೇರೆ, ಬ್ಯಾಕಪ್ ಬೇರೆ

ಯಾವ ತಂತ್ರಾಂಶವನ್ನು ಆರಿಸಿದರೂ ಒಂದು ಭ್ರಮೆಯಿಂದ ಪಾರಾಗಬೇಕು. ‘ಅಂಗಡಿಯಲ್ಲೊಂದು, ಮನೆಯಲ್ಲೊಂದು ಪ್ರತಿ ಇದೆ, ಇನ್ನು ಚಿಂತೆಯಿಲ್ಲ’ ಎಂಬ ನಂಬಿಕೆಯೇ ಆ ಭ್ರಮೆ. ಸಿಂಕ್ ಎಂದರೆ ಒಂದು ಕಡೆ ಆದದ್ದು ಮತ್ತೊಂದು ಕಡೆಯೂ ಆಗುವುದು. ಗುಮಾಸ್ತನು ಕೈತಪ್ಪಿನಿಂದ ಒಂದು ಫೋಲ್ಡರನ್ನು ಅಳಿಸಿದರೆ ಕೆಲವೇ ಕ್ಷಣಗಳಲ್ಲಿ ಮನೆಯ ಪ್ರತಿಯೂ ಅಳಿಯುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಕಾಡಿದ ವಾನಾಕ್ರೈನಂತಹ ಕುತಂತ್ರಾಂಶ ಕಡತಗಳಿಗೆ ಬೀಗ ಜಡಿದು ಹಣ ಕೇಳಿದರೆ, ಬೀಗ ಜಡಿದ ಕಡತಗಳೇ ಎಲ್ಲೆಡೆಗೂ ನಿಷ್ಠೆಯಿಂದ ರವಾನೆಯಾಗುತ್ತವೆ. ಎರಡು ಡಿಸ್ಕುಗಳನ್ನು ಜೋಡಿಸುವ ರೇಡ್ ವ್ಯವಸ್ಥೆಯೂ ಇದೇ ವರ್ಗದ್ದು. ಅದು ಡಿಸ್ಕ್ ಕೆಟ್ಟಾಗ ಕಾಪಾಡುತ್ತದೆ, ಮನುಷ್ಯನ ತಪ್ಪಿನಿಂದಲ್ಲ.

ಹಳೆಯ ಆವೃತ್ತಿಗಳನ್ನು ಉಳಿಸುವ ಸೌಲಭ್ಯ ಈ ತಂತ್ರಾಂಶಗಳಲ್ಲಿ ಇದೆಯಾದರೂ ಅದನ್ನೇ ನೆಚ್ಚುವಂತಿಲ್ಲ. ಸಿಂಕ್‌ಥಿಂಗ್‌ನಲ್ಲಿ ಅದನ್ನು ಬಳಕೆದಾರರೇ ಚಾಲನೆಗೊಳಿಸಬೇಕು. ನೆಕ್ಸ್ಟ್‌ಕ್ಲೌಡ್‌ನಲ್ಲಿ ಜಾಗ ಸಾಲದಾದಾಗ ಹಳೆಯ ಆವೃತ್ತಿಗಳು ತಾವಾಗಿಯೇ ಅಳಿದುಹೋಗುತ್ತವೆ. ಆದುದರಿಂದ ಬ್ಯಾಕಪ್ ಪ್ರತ್ಯೇಕವಾಗಿಯೇ ಇರಬೇಕು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರು ಪ್ರಚುರಪಡಿಸಿದ 3-2-1 ಸೂತ್ರ ಇಂದಿಗೂ ಉಪಯುಕ್ತ: ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳಲ್ಲಿ, ಒಂದು ಬೇರೆ ಸ್ಥಳದಲ್ಲಿ. ಅಂಗಡಿಯ ಯಂತ್ರ, ಮನೆಯ ಸರ್ವರ್, ವಾರಕ್ಕೊಮ್ಮೆ ಜೋಡಿಸಿ ಪ್ರತಿ ತೆಗೆದ ಬಳಿಕ ಬಿಚ್ಚಿ ತಿಜೋರಿಯಲ್ಲಿಡುವ ಹೊರ ಡಿಸ್ಕ್ ಈ ಮೂರರಿಂದ ಸಣ್ಣ ವ್ಯಾಪಾರಿಯೂ ಈ ಸೂತ್ರವನ್ನು ಪಾಲಿಸಬಹುದು. ತಂತಿ ಬಿಚ್ಚಿದ ಡಿಸ್ಕಿಗೆ ಯಾವ ಕುತಂತ್ರಾಂಶವೂ ತಲುಪದು.

ಲೆಕ್ಕದ ತಂತ್ರಾಂಶದ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಟ್ಯಾಲಿ ಮುಂತಾದವುಗಳ ದತ್ತಾಂಶದ ಫೋಲ್ಡರನ್ನು, ನಮೂದುಗಳು ನಡೆಯುತ್ತಿರುವಾಗಲೇ ಸಿಂಕ್ ಮಾಡಬಾರದು. ಅರ್ಧ ಬರೆದ ಸ್ಥಿತಿಯಲ್ಲಿ ಪ್ರತಿಯಾದ ದತ್ತಾಂಶ ತೆರೆಯದೇ ಹೋಗಬಹುದು. ದಿನದ ವಹಿವಾಟು ಮುಗಿದ ಮೇಲೆ ಆ ತಂತ್ರಾಂಶದ್ದೇ ಆದ ಬ್ಯಾಕಪ್ ಸೌಲಭ್ಯದಿಂದ ಪ್ರತಿ ತೆಗೆದು, ಅದನ್ನು ಸಿಂಕ್ ಫೋಲ್ಡರಿಗೆ ಹಾಕುವುದೇ ಸರಿಯಾದ ಕ್ರಮ.

ಅಂತರಜಾಲಕ್ಕೆ ಬಾಗಿಲು ತೆರೆಯುವ ಮುನ್ನ

ಸ್ವಂತ ಸರ್ವರಿನ ವಿರುದ್ಧದ ವಾದಗಳಲ್ಲಿ ಅತ್ಯಂತ ಗಂಭೀರವಾದದ್ದು ಭದ್ರತೆಯದು. ದೊಡ್ಡ ಕ್ಲೌಡ್ ಕಂಪನಿಗಳಲ್ಲಿ ಭದ್ರತೆಗೆಂದೇ ಪರಿಣತರ ಪಡೆ ಇರುತ್ತದೆ; ಮನೆಯ ಸರ್ವರಿಗೆ ಯಜಮಾನನೇ ಕಾವಲುಗಾರ. ಈ ವಾದದಲ್ಲಿ ಹುರುಳಿದೆ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ಮೈ ಬುಕ್ ಲೈವ್ ಎಂಬ, ಮನೆಗಳಲ್ಲಿ ಬಳಸುವ ಸಂಗ್ರಹ ಪೆಟ್ಟಿಗೆಗಳು ದೂರದಿಂದಲೇ ಅಳಿಸಲ್ಪಟ್ಟವು. ಆ ಮಾದರಿಯ ಬೆಂಬಲ 2015ರಲ್ಲಿಯೇ ನಿಂತಿತ್ತು, ಆದರೂ ಅವು ಅಂತರಜಾಲಕ್ಕೆ ತೆರೆದುಕೊಂಡೇ ಇದ್ದವು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಕುತಂತ್ರಾಂಶ ಕ್ಯೂನ್ಯಾಪ್ ಸಂಸ್ಥೆಯ ಸಂಗ್ರಹ ಯಂತ್ರಗಳಲ್ಲಿನ ಕಡತಗಳಿಗೆ ಬೀಗ ಹಾಕಿತು. ಎರಡೂ ಪ್ರಸಂಗಗಳಲ್ಲಿ ಪೆಟ್ಟು ತಿಂದವು ಅಂತರಜಾಲದಿಂದ ನೇರವಾಗಿ ಮುಟ್ಟಬಹುದಾಗಿದ್ದ ಯಂತ್ರಗಳು.

ಆದರೆ ಕ್ಲೌಡಿನಲ್ಲಿ ಇರಿಸಿದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ ಎಂಬುದಕ್ಕೂ ನಿದರ್ಶನವಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರದ ಒಂದು ಕಟ್ಟಡ ಸಂಪೂರ್ಣ ಸುಟ್ಟುಹೋಯಿತು. ಬೇರೆಡೆ ಪ್ರತಿ ಇರಿಸಿಕೊಳ್ಳದ ಗ್ರಾಹಕರು ತಮ್ಮ ದತ್ತಾಂಶವನ್ನು ಕಳೆದುಕೊಂಡರು. ಸ್ಥಳ ಯಾವುದೇ ಇರಲಿ, ಒಂದೇ ಸ್ಥಳವನ್ನು ನಂಬಿದವರಿಗೆ ನಷ್ಟ ತಪ್ಪಿದ್ದಲ್ಲ.

ಮನೆಯ ಸರ್ವರಿನ ಮಟ್ಟಿಗೆ ಪಾಲಿಸಬೇಕಾದ ನಿಯಮ ಸರಳ: ಅದನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡಬಾರದು. ನಮ್ಮ ದೇಶದ ಅನೇಕ ಅಂತರಜಾಲ ಸಂಪರ್ಕಗಳಲ್ಲಿ ಗ್ರಾಹಕನಿಗೆ ಪ್ರತ್ಯೇಕ ಐಪಿ ವಿಳಾಸ ದೊರೆಯುವುದೂ ಇಲ್ಲ. ಹೊರಗಿನಿಂದ ಸರ್ವರನ್ನು ತಲುಪಲು ವೈರ್‌ಗಾರ್ಡ್‌ನಂತಹ ಖಾಸಗಿ ಸುರಂಗ ವ್ಯವಸ್ಥೆಯನ್ನು ಬಳಸಬಹುದು. 2020ರಿಂದ ಇದು ಲಿನಕ್ಸಿನ ಭಾಗವೇ ಆಗಿದೆ. ಸಿಂಕ್‌ಥಿಂಗ್ ಅಂತೂ ನೇರ ದಾರಿ ಸಿಗದಿದ್ದಾಗ ಮಧ್ಯವರ್ತಿ ಸರ್ವರುಗಳ ಮೂಲಕ ಹಾದುಹೋಗುತ್ತದೆ. ಆ ಮಧ್ಯವರ್ತಿಗೆ ಕಡತದೊಳಗೇನಿದೆ ಎಂಬುದು ಕಾಣದು.

ಕಳ್ಳತನದ ಭಯವೂ ಇದೆ. ಡಿಸ್ಕನ್ನು ಯಜಮಾನ ಸುಲಭವಾಗಿ ಓದಬಲ್ಲನಾದರೆ ಕಳ್ಳನೂ ಓದಬಲ್ಲ. ಆದ್ದರಿಂದ ಇಡೀ ಡಿಸ್ಕನ್ನು ಗೂಢಲಿಪೀಕರಿಸಿ, ಅದರ ಗುಪ್ತಪದವನ್ನು ಕಾಗದದಲ್ಲಿ ಬರೆದು, ಮೊಹರು ಮಾಡಿ ತಿಜೋರಿಯಲ್ಲಿಡುವುದು ಕ್ಷೇಮ. ವಿದ್ಯುತ್ ಕಡಿತಕ್ಕೆ ಸರ್ವರ್ ಹಠಾತ್ತನೆ ಆರದಂತೆ ಯುಪಿಎಸ್ ಇರಲೇಬೇಕೆಂಬುದನ್ನು ನಮ್ಮ ಕೈಗಾರಿಕಾ ಪ್ರದೇಶಗಳ ಉದ್ಯಮಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು ಪ್ರಶ್ನೆಗಳು

ತಂತ್ರಾಂಶ ಅಳವಡಿಸಲು ಬಂದವರ ಮುಂದೆ ಯಜಮಾನನು ಇಡಬೇಕಾದ ಪ್ರಶ್ನೆಗಳು ನಾಲ್ಕೇ. ನಾಳೆ ಈ ತಂತ್ರಾಂಶವೇ ಇಲ್ಲವಾದರೆ ಕಡತಗಳನ್ನು ತೆರೆಯುವುದು ಹೇಗೆ? ಅಳವಡಿಸಿದವರು ಸಿಗದಿದ್ದರೆ ಮತ್ತೊಬ್ಬರು ನಡೆಸಲು ಬೇಕಾದ ವಿವರಗಳು ಬರಹದಲ್ಲಿವೆಯೇ? ಇಂದು ಬೆಳಿಗ್ಗೆ ಅಳಿಸಿದ ಕಡತವನ್ನು ಸಂಜೆಯೊಳಗೆ ಮರಳಿ ತರಬಹುದೇ? ಅಂಗಡಿಗೆ ಬೆಂಕಿ ಬಿದ್ದರೆ ಲೆಕ್ಕ ಎಲ್ಲಿ ಉಳಿದಿರುತ್ತದೆ? ಇವಕ್ಕೆ ಬಾಯಿಮಾತಿನ ಉತ್ತರ ಸಾಲದು. ಮೂರು ತಿಂಗಳಿಗೊಮ್ಮೆ ಹಳೆಯ ಬಿಲ್ಲೊಂದನ್ನು ಬ್ಯಾಕಪ್ಪಿನಿಂದ ತೆಗೆದು ತೋರಿಸುವಂತೆ ಹೇಳಬೇಕು. ಅದು ತೆರೆದರೆ ವ್ಯವಸ್ಥೆ ಸರಿಯಿದೆ. ತೆರೆಯದಿದ್ದರೆ ತೆರಿಗೆ ಅಧಿಕಾರಿಯ ನೋಟೀಸು ಬರುವುದಕ್ಕೆ ಮುನ್ನವೇ ದೋಷ ತಿಳಿದಂತಾಯಿತು.

ಇಷ್ಟೊಂದು ಜಾಗ್ರತೆ ವಹಿಸಲು ಜನವಿಲ್ಲದ ಸಂಸ್ಥೆಗಳೂ ಇವೆ. ಅಂತಹವು ಸಂಸ್ಥೆಯ ಹೆಸರಿನಲ್ಲಿಯೇ, ನೌಕರನ ಹೆಸರಿನಲ್ಲಲ್ಲ, ಹಣ ತೆತ್ತು ಕ್ಲೌಡ್ ಸೇವೆ ಪಡೆದು, ತಿಜೋರಿಯಲ್ಲೊಂದು ಪ್ರತಿ ಇರಿಸಿಕೊಳ್ಳುವುದೇ ಉಚಿತ. ಕಂಪನಿಯಾಗಿದ್ದರೆ ಆ ಸೇವೆಯ ಸರ್ವರ್ ಭಾರತದಲ್ಲಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ನೋಡಿಕೊಳ್ಳುವವರಿಲ್ಲದ ಸ್ವಂತ ಸರ್ವರ್ ಯಾವ ಪಕ್ಷದಿಂದಲೂ ಸಮರ್ಥನೀಯವಲ್ಲ.

ಈ ಕೊರತೆಯನ್ನು ನೀಗಿಸುವಲ್ಲಿ ವಾಣಿಜ್ಯ ಸಂಸ್ಥೆಗಳ ಪಾತ್ರವೂ ಇದೆ. ಒಂದೊಂದು ಘಟಕವೂ ಪ್ರತ್ಯೇಕ ತಂತ್ರಜ್ಞನನ್ನು ನೇಮಿಸಿಕೊಳ್ಳಲಾಗದು. ಆದರೆ ಒಂದೇ ಕೈಗಾರಿಕಾ ಪ್ರದೇಶದ ಹತ್ತಾರು ಘಟಕಗಳು ಒಂದೇ ಬಗೆಯ ಸರಳ ವ್ಯವಸ್ಥೆಯನ್ನು ಅಳವಡಿಸಿಕೊಂಡರೆ ಒಬ್ಬ ತಂತ್ರಜ್ಞನ ಸೇವೆಯನ್ನು ಹಂಚಿಕೊಳ್ಳಬಹುದು. ಒಬ್ಬ ಬಿಟ್ಟುಹೋದರೆ ಮತ್ತೊಬ್ಬ ಬಂದು ನಡೆಸುವುದೂ ಆಗ ಸುಲಭ. ಜಿಲ್ಲಾ ಮಟ್ಟದ ವಾಣಿಜ್ಯ ಸಂಸ್ಥೆಗಳು ಸದಸ್ಯರಿಗಾಗಿ ಒಂದು ದಿನದ ಪ್ರಾತ್ಯಕ್ಷಿಕೆ ಏರ್ಪಡಿಸಿ, ಅದರಲ್ಲಿ ಅಳವಡಿಕೆಗಿಂತ ಹೆಚ್ಚಾಗಿ ಮರಳಿ ಪಡೆಯುವ ವಿಧಾನವನ್ನು ತೋರಿಸಿಕೊಟ್ಟರೆ ಸಣ್ಣ ಉದ್ಯಮಿಗಳಿಗೆ ನಿಜವಾದ ಉಪಕಾರವಾದೀತು. ಮುಂದಿನ ಲಕ್ಷ್ಮೀಪೂಜೆಯ ಹೊತ್ತಿಗೆ, ಲೆಕ್ಕ ಎಲ್ಲಿದೆ ಎಂಬ ಪ್ರಶ್ನೆಗೆ ಯಜಮಾನ ಬೇರೆ ಯಾರನ್ನೂ ವಿಚಾರಿಸದೆ ಉತ್ತರ ಹೇಳುವಂತಾಗಬೇಕು.